ನನ್ನ ಕರಪತ್ರದ ಕೆಳಗಿನ ಸಾಲು: ಕರ್ನಾಟಕದ 28 ಲೋಕಸಭಾ ಸದಸ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರೇ,

ನಾನು ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಅಪ್ಪನ ಕಾಲದಲ್ಲಿ ಮೊಳೆ ಜೋಡಿಸುವ ಟ್ರೆಡಲ್ ಇತ್ತು. ನನ್ನ ಕಾಲಕ್ಕೆ ಆಫ್‌ಸೆಟ್ ಬಂತು. ಲಗ್ನಪತ್ರಿಕೆ, ತಿಥಿ ಕಾರ್ಡು, ಅಂಗಡಿಗಳ ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ಇವೇ ನಮ್ಮ ಅನ್ನ. ಐದು ವರ್ಷಕ್ಕೆ ಎರಡು ಮೂರು ಸಲ ಚುನಾವಣೆ ಬರುತ್ತದೆ. ಆಗ ನಮಗೂ ಸುಗ್ಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಚುನಾವಣೆಯ ದುಡ್ಡಿನ ಬಗ್ಗೆ ಬರೆಯುವವನು ಆ ದುಡ್ಡಿನಲ್ಲಿ ತನ್ನ ಪಾಲು ಎಷ್ಟಿತ್ತು ಅಂತ ಹೇಳದೆ ಶುರು ಮಾಡಬಾರದು. ನನ್ನ ಮಗಳ ಒಂದು ವರ್ಷದ ಕಾಲೇಜು ಫೀಸು ಕಟ್ಟಿದ್ದು ಡಮ್ಮಿ ಬ್ಯಾಲೆಟ್, ಅಂದರೆ ಪ್ರಚಾರಕ್ಕೆ ಹಂಚುವ ಮಾದರಿ ಮತಪತ್ರ, ಅಚ್ಚು ಹಾಕಿ ಬಂದ ದುಡ್ಡಿನಲ್ಲೇ.

ಚುನಾವಣೆ ಘೋಷಣೆಯಾದ ವಾರದಲ್ಲಿ ಅಧಿಕಾರಿಗಳು ಮುದ್ರಕರ ಸಭೆ ಕರೆಯುತ್ತಾರೆ. ಊರಿನ ಏಳೆಂಟು ಪ್ರೆಸ್ಸಿನವರು ಹೋಗಿ ಕೂರುತ್ತೇವೆ. ಅರ್ಧ ಲೋಟ ಟೀ ಕೊಟ್ಟು ಪ್ರತಿಸಲ ಅದೇ ಪಾಠ ಹೇಳುತ್ತಾರೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆ, 127ಎ ಕಲಂ. ಚುನಾವಣೆಯ ಯಾವ ಕರಪತ್ರ, ಪೋಸ್ಟರ್ ಅಚ್ಚು ಹಾಕಿದರೂ ಅದರ ಮೇಲೆ ಮುದ್ರಕನ ಹೆಸರು ವಿಳಾಸ, ಪ್ರಕಾಶಕನ ಹೆಸರು ವಿಳಾಸ ಇರಲೇಬೇಕು. ಕೆಳಗಿನ ಸಾಲು ಅಂತ ನಾನು ಕರೆಯುವುದು ಇದನ್ನೇ. ಅಚ್ಚು ಹಾಕಿಸುವವನು ತಾನು ಯಾರು ಅಂತ ಬರೆದು ಸಹಿ ಮಾಡಬೇಕು. ಅವನನ್ನು ಬಲ್ಲ ಇಬ್ಬರು ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕಬೇಕು. ಎಷ್ಟು ಪ್ರತಿ, ಎಷ್ಟು ಬಿಲ್ಲು ಅನ್ನುವುದನ್ನು ಬರೆದು, ಕರಪತ್ರದ ಪ್ರತಿಗಳ ಜೊತೆಗೆ ಮೂರು ದಿನದೊಳಗೆ ಕಚೇರಿಗೆ ಮುಟ್ಟಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ನಾನು ಒಂದು ಸಲ ತಪ್ಪಿದ್ದೇನೆ. ನಿವೃತ್ತ ಮೇಷ್ಟ್ರೊಬ್ಬರು ಪಕ್ಷೇತರರಾಗಿ ನಿಂತಿದ್ದರು. 500 ಕರಪತ್ರ, ಅದೂ ಉದ್ರಿ. ಸಂಜೆಯೆಲ್ಲ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಪ್ಲೇಟ್ ಮಾಡಿದ ಹುಡುಗ ಕೆಳಗಿನ ಸಾಲನ್ನು ಬಿಟ್ಟಿದ್ದ. ನಾನೂ ನೋಡಲಿಲ್ಲ. ಎರಡನೇ ದಿನಕ್ಕೆ ನೋಟಿಸ್ ಬಂತು. ವಿವರಣೆ ಬರೆದುಕೊಟ್ಟೆ, ಕ್ಷಮೆ ಕೇಳಿದೆ, ಹಂಚದೆ ಉಳಿದ ಪ್ರತಿಗಳ ಮೇಲೆಲ್ಲ ರಬ್ಬರ್ ಸ್ಟಾಂಪ್ ಒತ್ತಿ ಬಚಾವಾದೆ. ಮೇಷ್ಟ್ರೂ ಪಕ್ಕದಲ್ಲಿ ಕೂತು ಒತ್ತಿದರು. ಅವರಿಗೆ ಬಿದ್ದ ವೋಟು ಕರಪತ್ರದ ಲೆಕ್ಕಕ್ಕಿಂತ ಕಡಿಮೆ, ಅದು ಬೇರೆ ಮಾತು.

ಆ ಕಾನೂನಿನ ಮೇಲೆ ನನಗೇನೂ ಸಿಟ್ಟಿಲ್ಲ. ಊರಲ್ಲಿ ಒಂದು ಮಾತು ಹರಡಿದರೆ ಅದು ಯಾರ ಮಾತು ಅಂತ ಓದುವವನಿಗೆ ಗೊತ್ತಾಗಬೇಕು. ಕೆಳಗಿನ ಸಾಲು ಇರುವುದು ಅದಕ್ಕೇ. ನನಗೆ ತಲೆಗೆ ಹೋಗದೇ ಇರುವುದು ಇನ್ನೊಂದು. ಮೇಷ್ಟ್ರ 500 ಹಾಳೆಗೆ ಹೆಸರು ಬೇಕು ಅಂತ ನೋಟಿಸ್ ಕೊಡುವ ಇದೇ ದೇಶದಲ್ಲಿ, 2018ರ ಮಾರ್ಚ್‌ನಿಂದ 2024ರ ಜನವರಿವರೆಗೆ ಪಕ್ಷಗಳಿಗೆ ದೇಣಿಗೆ ಕೊಡಲು ಬ್ಯಾಂಕಿನಲ್ಲಿ ಕೊಳ್ಳುವ ಚುನಾವಣಾ ಬಾಂಡ್ 16,518 ಕೋಟಿ ರೂಪಾಯಿಯಷ್ಟು ಮಾರಾಟವಾಯಿತು. ಅದರ ಮೇಲೆ ಕೆಳಗಿನ ಸಾಲೇ ಇರಲಿಲ್ಲ.

ಇದು ನಿಮಗೆ ಗೊತ್ತಿಲ್ಲದ್ದಲ್ಲ. ಆದರೂ ಓದುಗರಿಗಾಗಿ ಸ್ವಲ್ಪ ಹೇಳುತ್ತೇನೆ. 2017ರ ಬಜೆಟ್‌ನಲ್ಲಿ ಆಗಿನ ಹಣಕಾಸು ಮಂತ್ರಿ ಅರುಣ್ ಜೇಟ್ಲಿಯವರು ಯೋಜನೆ ಪ್ರಕಟಿಸಿದರು. 2018ರ ಜನವರಿಯಲ್ಲಿ ಅಧಿಸೂಚನೆ ಬಂತು. ಸ್ಟೇಟ್ ಬ್ಯಾಂಕಿನ ಗೊತ್ತಾದ ಕೆಲವೇ ಶಾಖೆಗಳಲ್ಲಿ ಮಾರಾಟ. ಸಾವಿರ, ಹತ್ತು ಸಾವಿರ, ಲಕ್ಷ, ಹತ್ತು ಲಕ್ಷ, ಕೋಟಿ, ಹೀಗೆ ಐದು ಬೆಲೆ. ಕೊಂಡವರು 15 ದಿನದೊಳಗೆ ಪಕ್ಷಕ್ಕೆ ಮುಟ್ಟಿಸಬೇಕು. ಬಾಂಡ್ ಮೇಲೆ ಕೊಟ್ಟವರ ಹೆಸರಿಲ್ಲ. ಪಕ್ಷ ಆ ಹೆಸರನ್ನು ಚುನಾವಣಾ ಆಯೋಗಕ್ಕೂ ಹೇಳಬೇಕಿಲ್ಲ. ಇದರ ಜೊತೆಗೇ ಕಂಪನಿ ಕಾಯ್ದೆ ತಿದ್ದಿದರು. ಮೊದಲು ಒಂದು ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ. 7.5ಕ್ಕಿಂತ ಜಾಸ್ತಿ ಪಕ್ಷಗಳಿಗೆ ಕೊಡುವಂತಿರಲಿಲ್ಲ. ಆ ಮಿತಿ ಹೋಯಿತು. ನಷ್ಟದಲ್ಲಿರುವ ಕಂಪನಿಯೂ ಎಷ್ಟು ಬೇಕಾದರೂ ಕೊಡಬಹುದು ಅಂತಾಯಿತು. ಯಾವ ಪಕ್ಷಕ್ಕೆ ಕೊಟ್ಟೆವು ಅಂತ ತನ್ನ ಲೆಕ್ಕದಲ್ಲಿ ಬರೆಯುವುದೂ ಬೇಡವಾಯಿತು. ರಿಸರ್ವ್ ಬ್ಯಾಂಕು ಬೇಡ ಅಂದಿತ್ತು. ಚುನಾವಣಾ ಆಯೋಗವೂ ಆಕ್ಷೇಪಿಸಿ ಪತ್ರ ಬರೆದಿತ್ತು. ಯಾರೂ ಕೇಳಲಿಲ್ಲ.

ಬಾಂಡ್ ಮಾರಾಟಕ್ಕೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್, ಈ ನಾಲ್ಕು ತಿಂಗಳಲ್ಲಿ ತಲಾ ಹತ್ತು ದಿನ ಅಂತ ನಿಯಮ ಮಾಡಿದ್ದರು. ಆದರೆ 2018ರಲ್ಲಿ ಮೇ 1ರಿಂದ 10ರವರೆಗೂ ಕೌಂಟರ್ ತೆರೆಯಿತು. ಮೇ 12ಕ್ಕೆ ಏನಿತ್ತು ಅಂತ ನಿಮಗೆ ಜ್ಞಾಪಿಸಬೇಕಾಗಿಲ್ಲ. ನಮ್ಮ ವಿಧಾನಸಭೆಯ ಮತದಾನ. ಆ ವಾರ ನಾನು ಹಗಲು ರಾತ್ರಿ ಮೆಷಿನ್ ಓಡಿಸುತ್ತಿದ್ದೆ. ಒಂದೊಂದು ಜಾಬಿಗೂ ಘೋಷಣಾ ಪತ್ರ, ಇಬ್ಬರ ಸಹಿ, ಪ್ರತಿಗಳ ಲೆಕ್ಕ.

ಈ ಬಾಂಡುಗಳ ಕಥೆಯಲ್ಲಿ ನನಗೆ ಮರೆಯಲಾಗದ್ದು ಪಟ್ನಾದ ಲಕೋಟೆ. 2019ರ ಏಪ್ರಿಲ್‌ನಲ್ಲಿ ಯಾರೋ ನಮ್ಮ ಪಟ್ನಾ ಕಚೇರಿಗೆ ಬಂದು ಒಂದು ಮುಚ್ಚಿದ ಲಕೋಟೆ ಕೊಟ್ಟು ಹೋದರು, ಒಡೆದು ನೋಡಿದರೆ ಒಂದೊಂದು ಕೋಟಿಯ ಹತ್ತು ಬಾಂಡ್ ಇದ್ದವು ಅಂತ ಬಿಹಾರದ ಜೆಡಿಯು ಪಕ್ಷವೇ ಚುನಾವಣಾ ಆಯೋಗಕ್ಕೆ ಬರೆದುಕೊಟ್ಟಿದೆ. ಹತ್ತು ಕೋಟಿ! ನಮ್ಮ ಪ್ರೆಸ್ಸಿನ ಬಾಗಿಲಲ್ಲಿ ಯಾರಾದರೂ ಹತ್ತು ರೀಮ್ ಕಾಗದ ಇಟ್ಟು ಹೋದರೆ ನಾನು ಬೀದಿಯಲ್ಲೆಲ್ಲ ವಿಚಾರಿಸುತ್ತೇನೆ.

2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಯೋಜನೆಯನ್ನು ರದ್ದು ಮಾಡಿತು. ಹೆಸರು ಕೊಡಿ ಅಂದರೆ ಸ್ಟೇಟ್ ಬ್ಯಾಂಕು ಜೂನ್ 30ರವರೆಗೆ ಟೈಮ್ ಕೇಳಿತು. ಅಷ್ಟರಲ್ಲಿ ಲೋಕಸಭಾ ಚುನಾವಣೆಯೇ ಮುಗಿದಿರುತ್ತಿತ್ತು. ಕೋರ್ಟು ಒಪ್ಪಲಿಲ್ಲ. ಮಾರ್ಚ್‌ನಲ್ಲಿ ಪಟ್ಟಿ ಹೊರಬಂತು. ಮೊದಲು ಕೊಂಡವರ ಪಟ್ಟಿ ಬೇರೆ, ಪಡೆದ ಪಕ್ಷಗಳ ಪಟ್ಟಿ ಬೇರೆ. ಬಾಂಡ್ ಮೇಲೆ ಬರಿಗಣ್ಣಿಗೆ ಕಾಣದ, ಅತಿನೇರಳೆ ಬೆಳಕಿನಲ್ಲಿ ಮಾತ್ರ ಕಾಣುವ ಒಂದು ನಂಬರ್ ಇತ್ತು. ಆ ನಂಬರನ್ನೂ ಕೊಡಿ ಅಂತ ಕೋರ್ಟು ಇನ್ನೊಂದು ಸಲ ಗದರಿದ ಮೇಲೆ ಯಾರ ದುಡ್ಡು ಯಾರಿಗೆ ಅಂತ ಜೋಡಿಸಿ ನೋಡಲು ಆಯಿತು. ಮುದ್ರಕನಾಗಿ ಒಂದು ಮಾತು: ಕೆಳಗಿನ ಸಾಲು ಇತ್ತು, ಆದರೆ ಓದುಗನಿಗೆ ಕಾಣದ ಇಂಕಿನಲ್ಲಿತ್ತು.

ಪಟ್ಟಿಯ ತುದಿಯಲ್ಲಿದ್ದ ಹೆಸರು ಒಂದು ಲಾಟರಿ ಕಂಪನಿ, ಫ್ಯೂಚರ್ ಗೇಮಿಂಗ್. 1,368 ಕೋಟಿ ರೂಪಾಯಿ. ಕರ್ನಾಟಕದವರಿಗೆ ಲಾಟರಿ ಅಂದರೆ ಏನು ಅಂತ ಹೊಸದಾಗಿ ಹೇಳಬೇಕೇ? ಒಂದಂಕಿ ಲಾಟರಿಗೆ ಸಂಬಳವನ್ನು ಸಂಬಳವೇ ಕಳೆದುಕೊಂಡವರು ನಮ್ಮ ಪ್ರೆಸ್ಸಿನ ಎದುರಿನ ಕಟ್ಟೆಯ ಮೇಲೇ ಕೂತಿರುತ್ತಿದ್ದರು. 2007ರಲ್ಲಿ ನಮ್ಮ ಸರ್ಕಾರ ಅದನ್ನು ನಿಲ್ಲಿಸಿತು. ಆ ಕಂಪನಿಯ ದುಡ್ಡಿನಲ್ಲಿ 509 ಕೋಟಿ ಡಿಎಂಕೆಗೆ ಬಂದಿದೆ ಅಂತ ಆ ಪಕ್ಷವೇ ಹೇಳಿಕೊಂಡಿದೆ. ಎರಡನೇ ಹೆಸರು ಹೈದರಾಬಾದಿನ ಮೇಘಾ ಎಂಜಿನಿಯರಿಂಗ್, 966 ಕೋಟಿ. ನೀರಾವರಿ, ರಸ್ತೆ, ಸುರಂಗ, ಸರ್ಕಾರಿ ಕಾಮಗಾರಿಗಳ ದೊಡ್ಡ ಗುತ್ತಿಗೆದಾರರು.

ನೀವು 28 ಜನ. ಬಿಜೆಪಿಯಿಂದ 17, ಕಾಂಗ್ರೆಸ್ಸಿನಿಂದ 9, ಜೆಡಿಎಸ್‌ನಿಂದ 2. 2019ರ ಏಪ್ರಿಲ್ ನಡುವಿನಿಂದ ಈಚೆಗೆ ಬಿಜೆಪಿ 6,000 ಕೋಟಿಗೂ ಮಿಕ್ಕಿ ನಗದು ಮಾಡಿಕೊಂಡಿತು. ಕಾಂಗ್ರೆಸ್ 1,400 ಕೋಟಿಗೂ ಮಿಕ್ಕಿ. ಜೆಡಿಎಸ್ ತಾನೇ ಕೊಟ್ಟ ಲೆಕ್ಕದಂತೆ, ಯೋಜನೆ ಶುರುವಾದಾಗಿನಿಂದ ಒಟ್ಟು 89.75 ಕೋಟಿ, ಅದರಲ್ಲಿ 50 ಕೋಟಿ ಇದೇ ಮೇಘಾದಿಂದ. ಜೆಡಿಎಸ್ ತನಗೆ ಕೊಟ್ಟವರ ಹೆಸರನ್ನು ಆಯೋಗಕ್ಕೆ ತಿಳಿಸಿತ್ತು ಅನ್ನುವುದನ್ನು ಇಲ್ಲಿ ಹೇಳಲೇಬೇಕು. ದೊಡ್ಡ ಪಕ್ಷಗಳೆರಡೂ ಆ ಕೆಲಸ ಮಾಡಲಿಲ್ಲ. ಅಂದಮೇಲೆ ಈ ಪತ್ರ ನಿಮ್ಮಲ್ಲಿ ಒಬ್ಬರಿಗೆ ಹಿತ, ಇನ್ನೊಬ್ಬರಿಗೆ ಕಹಿ ಆಗಬೇಕಿಲ್ಲ. ಸಿಪಿಎಂ ಬಾಂಡ್ ಮುಟ್ಟಲಿಲ್ಲ, ಕೋರ್ಟಿಗೂ ಹೋಯಿತು. ಆದರೆ ಅವರ ಸಂಸದರು ನಮ್ಮ ರಾಜ್ಯದಲ್ಲಿಲ್ಲ.

ಈಗ ವಾಕ್ ಸ್ವಾತಂತ್ರ್ಯದ ವಿಚಾರಕ್ಕೆ ಬರುತ್ತೇನೆ. ದುಡ್ಡು ಕೊಡುವುದೂ ಒಂದು ಥರ ಮಾತೇ, ಅದನ್ನು ತಡೆಯುವುದು ಬಾಯಿ ಕಟ್ಟಿದಂತೆ ಅನ್ನುವವರಿದ್ದಾರೆ. ನಾನು ಅದನ್ನು ಸುಮ್ನೆ ತಳ್ಳಿಹಾಕುವವನಲ್ಲ. ಕಾಗದ, ಇಂಕು, ಕರೆಂಟು, ಕೂಲಿ ಇಲ್ಲದೆ ಮಾತು ಹಾಳೆಯ ಮೇಲೆ ಇಳಿಯುವುದಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೇಷ್ಟ್ರ ಬಳಿ ಮಾತಿತ್ತು, ದುಡ್ಡಿರಲಿಲ್ಲ. ಅದಕ್ಕೇ ಅವರ ಮಾತು ಎರಡು ಬೀದಿ ದಾಟಲಿಲ್ಲ. ಎದುರಾಳಿಗಳ ಬಾವುಟ, ಟೋಪಿ, ಪೋಸ್ಟರ್ ಶಿವಕಾಶಿಯಿಂದ ಲಾರಿಯಲ್ಲಿ ಬಂದಿಳಿದಿತ್ತು.

ಈ ವಾದವನ್ನು ತುದಿಯವರೆಗೆ ಎಳೆದದ್ದು ಅಮೆರಿಕದ ಸುಪ್ರೀಂ ಕೋರ್ಟು. 2008ರ ಚುನಾವಣೆ ಹೊತ್ತಿಗೆ ಸಿಟಿಜನ್ಸ್ ಯುನೈಟೆಡ್ ಅನ್ನುವ ಸಂಸ್ಥೆ ಹಿಲರಿ ಕ್ಲಿಂಟನ್ ವಿರುದ್ಧ ಒಂದು ಸಾಕ್ಷ್ಯಚಿತ್ರ ಮಾಡಿತ್ತು. ಚುನಾವಣೆಗೆ ಹತ್ತಿರದ ದಿನಗಳಲ್ಲಿ ಕಂಪನಿ, ಸಂಘಗಳ ದುಡ್ಡಿನಲ್ಲಿ ಇಂಥದ್ದನ್ನು ಟಿವಿಯಲ್ಲಿ ತೋರಿಸಬಾರದು ಅಂತ ಅಲ್ಲಿ ಕಾನೂನಿತ್ತು. 2009ರ ಮಾರ್ಚ್‌ನಲ್ಲಿ ವಾದ ನಡೆಯುವಾಗ ನ್ಯಾಯಮೂರ್ತಿಗಳು ಸರ್ಕಾರಿ ವಕೀಲರನ್ನು ಒಂದು ಪ್ರಶ್ನೆ ಕೇಳಿದರು. ಸಿನಿಮಾ ಬಿಡಿ, ಪುಸ್ತಕ ಆಗಿದ್ದರೆ ಅದನ್ನೂ ತಡೆಯಬಹುದಾ? ಕಂಪನಿಯ ದುಡ್ಡಿನಿಂದ ಹೊರಬಂದಿದ್ದರೆ ತಡೆಯಬಹುದು ಅನ್ನುವ ಅರ್ಥದ ಉತ್ತರ ಬಂತು. ಕೇಸಿನ ದಿಕ್ಕೇ ತಿರುಗಿತು.

ಇದನ್ನು ಓದಿದಾಗ ನನಗೂ ಒಂದು ಕ್ಷಣ ಎದೆ ಝಲ್ಲೆಂದಿತು. ಅಚ್ಚುಮನೆಯವನಿಗೆ ಪುಸ್ತಕ ತಡೆಯುವ ಮಾತು ಕೇಳಿದರೆ ಇನ್ನೇನಾಗಬೇಕು? 1975ರಲ್ಲಿ ಸೆನ್ಸಾರಿನ ಹೆಸರಲ್ಲಿ ಪ್ರೆಸ್ಸುಗಳಿಗೆ ಏನಾಯಿತು ಅಂತ ಅಪ್ಪ ಹೇಳುತ್ತಿದ್ದರು. ಹಾಗಾಗಿ ಆ ನ್ಯಾಯಮೂರ್ತಿಗಳ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ.

2010ರ ಜನವರಿ 21ರಂದು ತೀರ್ಪು ಬಂತು. ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಕಂಪನಿಗಳು, ಸಂಘಗಳು ಅಭ್ಯರ್ಥಿಗೆ ನೇರವಾಗಿ ಕೊಡದೆ ತಾವೇ ಪ್ರಚಾರಕ್ಕೆ ಖರ್ಚು ಮಾಡುವುದಾದರೆ ಅದಕ್ಕೆ ಮಿತಿ ಹಾಕುವಂತಿಲ್ಲ ಅಂತಾಯಿತು. ಅದೇ ವರ್ಷ ಇನ್ನೊಂದು ತೀರ್ಪಿನಿಂದ ಮಿತಿಯಿಲ್ಲದೆ ದೇಣಿಗೆ ಪಡೆದು ಪ್ರಚಾರಕ್ಕೆ ಖರ್ಚು ಮಾಡುವ ಸೂಪರ್ ಪ್ಯಾಕ್ ಅನ್ನುವ ನಿಧಿಗಳು ಹುಟ್ಟಿದವು. 2024ರ ಚುನಾವಣೆಯಲ್ಲಿ ಎಲಾನ್ ಮಸ್ಕ್ ಒಬ್ಬರೇ 25 ಕೋಟಿ ಡಾಲರಿಗೂ ಹೆಚ್ಚು ಸುರಿದರು.

ಆದರೆ ಆ ತೀರ್ಪಿನಲ್ಲೇ ಇನ್ನೊಂದು ಭಾಗ ಇದೆ. ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಖರ್ಚು ಮಾಡಿದವರು ತಮ್ಮ ಹೆಸರು ಹೇಳಲೇಬೇಕು ಎಂಬ ನಿಯಮ ಸರಿಯೇ ಅಂತ ಒಂಬತ್ತರಲ್ಲಿ ಎಂಟು ನ್ಯಾಯಮೂರ್ತಿಗಳು ಒಪ್ಪಿದರು. ಬಾಗಿಲು ಪೂರ್ತಿ ತೆರೆದ ಕೋರ್ಟೂ ಕೆಳಗಿನ ಸಾಲನ್ನು ಅಳಿಸಲಿಲ್ಲ. ಮಸ್ಕ್ ಎಷ್ಟು ಸುರಿದರು ಅಂತ ನಮಗೆ ಗೊತ್ತಾಗಿದ್ದೂ ಅದರಿಂದಲೇ. ಅಲ್ಲಿ ಕಳ್ಳದಾರಿ ಇಲ್ಲ ಅಂತಲ್ಲ. ನನ್ನ ಅಣ್ಣನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಟಿವಿ ಜಾಹೀರಾತಿನ ಕೊನೆಗೆ ಇದರ ದುಡ್ಡು ಇಂಥವರದ್ದು ಅಂತ ಬರುತ್ತದಂತೆ. ಆದರೆ ಎಷ್ಟೋ ಸಲ ಆ ಹೆಸರು ಯಾವುದೋ ಹಿತರಕ್ಷಣಾ ಸಂಘದ್ದು. ಆ ಸಂಘಕ್ಕೆ ದುಡ್ಡು ಕೊಟ್ಟವರು ಯಾರು ಅಂತ ಕೇಳಿದರೆ ಹೇಳಬೇಕಾಗಿಲ್ಲ. ಮುಖವಾಡದ ಮೇಲೆ ಹೆಸರು ಬರೆದಂತೆ, ಅಷ್ಟೇ.

ನಮ್ಮಲ್ಲಿ ವಿಷಯ ತಿರುಗುಮುರುಗಾಯಿತು. ಅಮೆರಿಕದಲ್ಲಿ ವಾಕ್ ಸ್ವಾತಂತ್ರ್ಯ ಅಂದರೆ ಮಾತಾಡುವವನ ಬಾಯಿ. ನಮ್ಮ ಸುಪ್ರೀಂ ಕೋರ್ಟು ಕೇಳುವವನ ಕಿವಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಅಭ್ಯರ್ಥಿಗಳ ಆಸ್ತಿ, ಅವರ ಮೇಲಿನ ಕ್ರಿಮಿನಲ್ ಕೇಸು ತಿಳಿಯುವುದು ಮತದಾರನ ಹಕ್ಕು ಅಂತ 2002, 2003ರಲ್ಲೇ ಹೇಳಿತ್ತು. ಆ ಹಕ್ಕು ಹುಟ್ಟಿದ್ದು ಸಂವಿಧಾನದ 19(1)(ಎ)ಯಿಂದ, ಅಂದರೆ ಮಾತಿನ ಹಕ್ಕಿನಿಂದಲೇ. 2024ರ ತೀರ್ಪು ಅದನ್ನು ಮುಂದಕ್ಕೆ ಒಯ್ದಿತು. ಪಕ್ಷಕ್ಕೆ ದುಡ್ಡು ಎಲ್ಲಿಂದ ಬಂತು ಅಂತ ಗೊತ್ತಿಲ್ಲದೆ ಹಾಕುವ ಮತ ಕುರುಡು ಮತ ಅನ್ನುವುದು ಅದರ ತಿರುಳು. ಜನರಿಗೆ ಎಲ್ಲವನ್ನೂ ತಿಳಿಯುವ ಹಕ್ಕಿಲ್ಲ ಅಂತ ಅಟಾರ್ನಿ ಜನರಲ್ ಬರೆದುಕೊಟ್ಟಿದ್ದರು. ಪೀಠ ಒಪ್ಪಲಿಲ್ಲ.

ಮತ ಗುಪ್ತ ಅಲ್ವಾ, ಹಾಗೇ ದೇಣಿಗೆಯೂ ಗುಪ್ತವಾಗಿರಲಿ ಅನ್ನುವ ವಾದವೂ ಬಂತು. ಕೇಳಲು ಚೆನ್ನಾಗಿದೆ. ಆದರೆ ನನ್ನ ಮತ ಒಂದೇ. ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯ ಶಾಯಿ ಬೆರಳಿಗೆ ಹಚ್ಚಿಸಿಕೊಂಡರೆ ಮುಗಿಯಿತು, ಎರಡನೇ ಸಲ ಒಳಗೆ ಬಿಡುವುದಿಲ್ಲ. ಕಂಪನಿಗೆ ಬೆರಳೇ ಇಲ್ಲ. ಅದು ನಾಗರಿಕನೂ ಅಲ್ಲ, 1963ರಲ್ಲೇ ಸುಪ್ರೀಂ ಕೋರ್ಟು ಹಾಗೆ ಹೇಳಿದೆ. ಯಾವನೋ ಒಬ್ಬ ತನ್ನ ಮೆಚ್ಚಿನ ಪಕ್ಷಕ್ಕೆ ಸಾವಿರ ರೂಪಾಯಿ ಕೊಟ್ಟರೆ ಅದು ಅವನ ನಂಬಿಕೆ, ಅದನ್ನು ಊರಿಗೆಲ್ಲ ಸಾರಬೇಕಿಲ್ಲ. 20,000 ರೂಪಾಯಿವರೆಗೆ ಹೆಸರು ಬರೆಯಬೇಕಿಲ್ಲ ಅಂತ ಕಾನೂನೇ ಇದೆ, ಇರಲಿ. ಆದರೆ ಕಂಪನಿ ಕೊಡುವುದು ನಂಬಿಕೆಯಿಂದಲ್ಲ, ವ್ಯವಹಾರದಿಂದ. ಇದನ್ನು ಹೇಳಿದ್ದು ನಾನಲ್ಲ, ಅದೇ ತೀರ್ಪು.

ಹೆಸರು ಹೊರಬಿದ್ದರೆ ಎದುರು ಪಕ್ಷ ಸೇಡು ತೀರಿಸಿಕೊಳ್ಳುತ್ತದೆ, ಅದಕ್ಕೇ ಗುಟ್ಟು ಬೇಕು ಅಂತ ಜೇಟ್ಲಿಯವರು ಹೇಳಿದ್ದರು. ಆ ಭಯ ನಿಜ. ನನಗೇ ಆಗಿದೆ. ಒಂದು ಪಕ್ಷದ ಪೋಸ್ಟರ್ ಮಾಡಿಕೊಟ್ಟೆ ಅಂತ ಇನ್ನೊಂದು ಪಕ್ಷದ ಸ್ಥಳೀಯರು ಎರಡು ವರ್ಷ ನನ್ನ ಅಂಗಡಿ ಮೆಟ್ಟಿಲು ಹತ್ತಲಿಲ್ಲ. ಆದರೆ ಬಾಂಡಿನ ಗುಟ್ಟು ಯಾರಿಂದ ಗುಟ್ಟಾಗಿತ್ತು ನೋಡಿ. ಮಾರಿದ್ದು ಸರ್ಕಾರಿ ಬ್ಯಾಂಕು. ಕ್ರಿಮಿನಲ್ ಕೇಸು ದಾಖಲಾದರೆ ತನಿಖಾ ಸಂಸ್ಥೆ ಕೇಳಿ ಪಡೆಯಬಹುದು ಅಂತ ಯೋಜನೆಯಲ್ಲೇ ಬರೆದಿತ್ತು. ಅಂದರೆ ಅಧಿಕಾರದಲ್ಲಿ ಇರುವವರಿಗೆ ತಿಳಿಯುವ ದಾರಿ ಇತ್ತು, ಇಲ್ಲದವರಿಗೆ ಇರಲಿಲ್ಲ, ನಮಗಂತೂ ಇರಲೇ ಇಲ್ಲ. ಇಡಿ, ಆದಾಯ ತೆರಿಗೆ ದಾಳಿ ಕಂಡ ಕಂಪನಿಗಳ ಹೆಸರು ಕೊಂಡವರ ಪಟ್ಟಿಯಲ್ಲೂ ಸಿಕ್ಕಿತು. ಹೆದರಿ ಕೊಟ್ಟರೋ, ಆಸೆಯಿಂದ ಕೊಟ್ಟರೋ, ಬೇರೆಯೇ ಕಾರಣಕ್ಕೋ, ನಾನು ತೀರ್ಪು ಕೊಡುವುದಿಲ್ಲ. ಹೆದರುವವನಿಗೆ ಕತ್ತಲಿಗಿಂತ ಬೀದಿದೀಪ ಒಳ್ಳೆಯದು ಅನ್ನುವುದಷ್ಟೇ ನನ್ನ ಅನುಭವ.

ಹಾಗಾದರೆ ಕಂಪನಿಗಳ ದುಡ್ಡನ್ನೇ ನಿಷೇಧಿಸಿಬಿಡಿ ಅನ್ನುತ್ತೀರಾ? ಅದೂ ಆಗಿಹೋಗಿದೆ. 1957ರಲ್ಲಿ ಟಾಟಾ ಐರನ್ ಅಂಡ್ ಸ್ಟೀಲ್ ಪಕ್ಷಗಳಿಗೆ ಹಣ ಕೊಡಲು ತನ್ನ ನಿಯಮ ತಿದ್ದಿಕೊಳ್ಳಲು ಹೊರಟಾಗ, ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಕಾನೂನಿನ ಪ್ರಕಾರ ತಡೆಯಲು ಆಗದೆ ಅನುಮತಿಸಿದರು. ಆದರೆ ಇದು ಪ್ರಜಾಪ್ರಭುತ್ವಕ್ಕೆ ಅಪಾಯ, ಸಂಸತ್ತು ಯೋಚಿಸಲಿ ಅಂತ ಎಚ್ಚರಿಸಿದರು. 1969ರಲ್ಲಿ ಸಂಸತ್ತು ಪೂರ್ತಿ ನಿಷೇಧ ಹಾಕಿತು. ಆಮೇಲೆ ಏನಾಯಿತು? ದುಡ್ಡು ಸೂಟ್‌ಕೇಸಿಗೆ ಇಳಿಯಿತು. ಪಕ್ಷಗಳು ಸ್ಮರಣ ಸಂಚಿಕೆ ತರಲು ಶುರು ಮಾಡಿದವು. ಒಂದು ಪುಟದ ಜಾಹೀರಾತಿಗೆ ಕಂಪನಿಗಳು ಸಾವಿರಾರು ರೂಪಾಯಿ ಕೊಡುತ್ತಿದ್ದವು. ಸ್ಮರಣ ಸಂಚಿಕೆಯನ್ನು ಯಾರೂ ಓದುವುದಿಲ್ಲ ಅಂತ ಅಚ್ಚು ಹಾಕುವವನಿಗೂ ಗೊತ್ತು, ಜಾಹೀರಾತು ಕೊಡುವವನಿಗೂ ಗೊತ್ತು. 1985ರಲ್ಲಿ ನಿಷೇಧ ತೆಗೆದು ಮಿತಿ ಹಾಕಿದರು. ಹಾಗಾಗಿ ಬರೀ ನಿಷೇಧ ಕೇಳಲು ನಾನು ಬರೆಯುತ್ತಿಲ್ಲ. ಹೆಸರು ಕೇಳಲು ಬರೆಯುತ್ತಿದ್ದೇನೆ.

ಬಾಂಡ್ ಹೋಯಿತಲ್ಲ, ಇನ್ನೇನು ಅನ್ನಬಹುದು. ಬಾಂಡ್ ಹೋಯಿತು, ಎಲೆಕ್ಟೋರಲ್ ಟ್ರಸ್ಟ್ ಉಳಿಯಿತು. 2013ರಿಂದ ಇರುವ ವ್ಯವಸ್ಥೆ. ಹತ್ತಾರು ಕಂಪನಿಗಳು ಒಂದು ಟ್ರಸ್ಟಿಗೆ ದುಡ್ಡು ಹಾಕುತ್ತವೆ. ಟ್ರಸ್ಟು ವರ್ಷದಲ್ಲಿ ಬಂದದ್ದರಲ್ಲಿ ಶೇ. 95ರಷ್ಟನ್ನು ಪಕ್ಷಗಳಿಗೆ ಹಂಚಬೇಕು. ಕೊಟ್ಟವರ ಪಟ್ಟಿಯೂ ಹೊರಬರುತ್ತದೆ, ಪಡೆದವರ ಪಟ್ಟಿಯೂ ಹೊರಬರುತ್ತದೆ. ಬಾಂಡಿಗಿಂತ ಎಷ್ಟೋ ವಾಸಿ. ಆದರೆ ಯಾರ ದುಡ್ಡು ಯಾರಿಗೆ ಹೋಯಿತು ಅನ್ನುವುದು ಆ ಹುಂಡಿಯಲ್ಲಿ ಕಲಸಿಹೋಗುತ್ತದೆ. ಮೊದಲು ಹೊರಬಂದ ಬಾಂಡ್ ಪಟ್ಟಿಯಂತೆಯೇ, ಎರಡು ಪಟ್ಟಿ, ನಡುವೆ ಗೋಡೆ.

ಇನ್ನೊಂದು ವಿಷಯ ತಾರೀಖಿನದು. ನನಗೆ ಇದೇ ದೊಡ್ಡದಾಗಿ ಕಾಣುತ್ತದೆ. 2024ರಲ್ಲಿ ನಾವು ಮತ ಹಾಕಿದ್ದು ಏಪ್ರಿಲ್ 26 ಮತ್ತು ಮೇ 7ರಂದು. ಆ ಏಪ್ರಿಲ್ ತಿಂಗಳಲ್ಲಿ ಒಂದು ಕಂಪನಿ ನಿಮ್ಮ ಪಕ್ಷಕ್ಕೆ ಹತ್ತು ಕೋಟಿ ಕೊಟ್ಟಿತು ಅಂತ ಇಟ್ಟುಕೊಳ್ಳಿ. ಅದು 2024-25ರ ಲೆಕ್ಕದ ವರ್ಷಕ್ಕೆ ಸೇರುತ್ತದೆ. ಕೊಟ್ಟವರ ಹೆಸರಿನ ವಾರ್ಷಿಕ ವರದಿಯನ್ನು ಪಕ್ಷ ಸಲ್ಲಿಸಬೇಕಾದ್ದು 2025ರ ಅಕ್ಟೋಬರ್ ಹೊತ್ತಿಗೆ. ಆಯೋಗದ ವೆಬ್‌ಸೈಟಿನಲ್ಲಿ ಅದು ಕಾಣುವುದು ಇನ್ನೂ ಆಮೇಲೆ. ಅಂದರೆ ಮತ ಹಾಕಿ ಒಂದೂವರೆ ವರ್ಷ ಆದ ಮೇಲೆ ನಮಗೆ ಹೆಸರು ಸಿಗುತ್ತದೆ. ಮದುವೆ ಮುಗಿದು ಕೂಸು ಹುಟ್ಟಿದ ಮೇಲೆ ಲಗ್ನಪತ್ರಿಕೆ ಹಂಚಿದ ಹಾಗೆ. ನಾನು ಮಾತ್ರ ಮೂರು ದಿನದಲ್ಲಿ ಕರಪತ್ರ ಮುಟ್ಟಿಸಬೇಕು.

ಖರ್ಚಿನ ಮಾತನ್ನು ಬೇಗ ಮುಗಿಸುತ್ತೇನೆ. ಲೋಕಸಭೆಗೆ ನಮ್ಮಲ್ಲಿ ಅಭ್ಯರ್ಥಿಯ ಖರ್ಚಿನ ಮಿತಿ 95 ಲಕ್ಷ, ವಿಧಾನಸಭೆಗೆ 40 ಲಕ್ಷ. ಅದನ್ನು ಕಾಯಲು ವಿಡಿಯೊ ತಂಡ ಸಭೆಗೆ ಬಂದು ಕುರ್ಚಿ ಎಣಿಸುತ್ತದೆ. ಟೀ, ಇಡ್ಲಿ, ಶಾಮಿಯಾನಕ್ಕೆ ಇಂತಿಷ್ಟು ಅಂತ ದರಪಟ್ಟಿ ಇರುತ್ತದೆ. ಪಕ್ಷದ ಖರ್ಚಿಗೆ ಮಾತ್ರ ಮಿತಿಯೇ ಇಲ್ಲ. ಅಭ್ಯರ್ಥಿಗಾಗಿ ಪಕ್ಷ ಮಾಡುವ ಖರ್ಚನ್ನೂ ಅವನ ಲೆಕ್ಕಕ್ಕೆ ಸೇರಿಸಬೇಕು ಅಂತ 1974ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಅದೇ ತಿಂಗಳು ಸುಗ್ರೀವಾಜ್ಞೆ ತಂದು ಅದನ್ನು ತೊಡೆದುಹಾಕಿದರು. 2018ರಲ್ಲಿ ಇನ್ನೊಂದು ನಡೆಯಿತು. ವಿದೇಶಿ ದೇಣಿಗೆ ಕಾಯ್ದೆಯಡಿ ಬಿಜೆಪಿ ಮತ್ತು ಕಾಂಗ್ರೆಸ್ ಎರಡೂ ತಪ್ಪು ಮಾಡಿವೆ ಅಂತ ದೆಹಲಿ ಹೈಕೋರ್ಟು 2014ರಲ್ಲಿ ಹೇಳಿತ್ತು. ಆ ತಪ್ಪು ತಪ್ಪೇ ಅಲ್ಲ ಅಂತ 1976ರಿಂದಲೇ ಅನ್ವಯವಾಗುವಂತೆ ಹಣಕಾಸು ಮಸೂದೆಯೊಳಗೆ ತಿದ್ದುಪಡಿ ತೂರಿಸಿದರು. ಲೋಕಸಭೆಯಲ್ಲಿ ಚರ್ಚೆಯೇ ಆಗಲಿಲ್ಲ. ನಲವತ್ತೆರಡು ವರ್ಷ ಹಿಂದಕ್ಕೆ! ನನ್ನ ರಬ್ಬರ್ ಸ್ಟಾಂಪಿಗೆ ಅಂಥ ಶಕ್ತಿ ಇರಲಿಲ್ಲ.

ನನ್ನ ಬಳಿ ಒಂದು ದೊಡ್ಡ ಕಂಪನಿಯ 25 ಷೇರುಗಳಿವೆ. ಹೆಸರು ಬೇಡ. ಅದರ ವಾರ್ಷಿಕ ವರದಿಯಲ್ಲಿ ರಾಜಕೀಯ ದೇಣಿಗೆ ಅಂತ ಒಂದು ಸಾಲು ನೋಡಿದೆ. ಮೊತ್ತ ಇತ್ತು, ಪಕ್ಷದ ಹೆಸರಿರಲಿಲ್ಲ. ನನ್ನ ದುಡ್ಡೂ ಅದರಲ್ಲಿ ಒಂದು ಚೂರು ಇದೆ ಅಲ್ವಾ? ಪತ್ರ ಬರೆದೆ. ಕಾನೂನಿನ ಪ್ರಕಾರ ಇದೆ ಅಂತ ಎರಡು ಸಾಲಿನ ಉತ್ತರ ಬಂತು. ಅವರು ಹೇಳಿದ್ದು ಸರಿ, ಆಗ ಕಾನೂನು ಹಾಗೇ ಇತ್ತು. ಈಗ ತೀರ್ಪಿನಿಂದ ಹಳೆಯ ಕಾನೂನು ಮರಳಿದೆ, ಪಕ್ಷದ ಹೆಸರು ಬರೆಯಬೇಕು. ಶೇ. 7.5ರ ಮಿತಿಯೂ ಮರಳಿದೆ. ಆದರೆ ಕೊಡಬೇಕೋ ಬೇಡವೋ ಅಂತ ತೀರ್ಮಾನಿಸುವುದು ಈಗಲೂ ಆಡಳಿತ ಮಂಡಳಿ ಮಾತ್ರ. ಷೇರುದಾರರನ್ನು ಕೇಳುವ ನಿಯಮವಿಲ್ಲ. ನಾನು ಬೇರೆ ಪಕ್ಷಕ್ಕೆ ಮತ ಹಾಕಿದವನಾದರೂ ನನ್ನ ಹೆಸರಲ್ಲಿ ಕಂಪನಿ ಮಾತಾಡುತ್ತದೆ. ವಾಕ್ ಸ್ವಾತಂತ್ರ್ಯ ಅನ್ನುವವರು ಇದಕ್ಕೂ ಉತ್ತರ ಹೇಳಲಿ.

ನಾನು ಕೇಳುವುದು ಇಷ್ಟು. ಇವತ್ತಲ್ಲ ನಾಳೆ ಪಕ್ಷಗಳ ನಿಧಿಗೆ ಹೊಸ ಕಾನೂನು ಸದನಕ್ಕೆ ಬರುತ್ತದೆ. ಅದು ಹಣಕಾಸು ಮಸೂದೆಯ ಮಡಿಲಲ್ಲಿ ಅವಿತು ಬಂದರೆ ನಿಮ್ಮಲ್ಲಿ ಒಬ್ಬರಾದರೂ ಎದ್ದು ನಿಂತು ಇದು ಇಲ್ಲಿಗೆ ಸೇರಿದ್ದಲ್ಲ ಅನ್ನಿ. ಕಂಪನಿ ಕೊಟ್ಟ ಪ್ರತಿ ದೇಣಿಗೆಯ ಹೆಸರು ಮೂರು ದಿನದೊಳಗೆ ಹೊರಬರಲಿ. ನನಗೆ ಸಾಲುವ ಮೂರು ದಿನ ಕೋಟಿಗಟ್ಟಲೆ ದುಡ್ಡಿರುವ ಪಕ್ಷಗಳಿಗೆ ಯಾಕೆ ಸಾಲುವುದಿಲ್ಲ? ಟ್ರಸ್ಟು ಯಾರ ದುಡ್ಡನ್ನು ಯಾರಿಗೆ ಕೊಟ್ಟೆ ಅಂತ ಸಾಲು ಸಾಲಾಗಿ ಬರೆಯಲಿ. ಪಕ್ಷಗಳ ಖರ್ಚಿಗೂ ಒಂದು ಮಿತಿ ಬರಲಿ, ಅದು ಎಷ್ಟು ಅಂತ ನೀವೇ ಜಗಳ ಆಡಿ ಹೇಳಿ. ಕಾನೂನು ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ನಿಮ್ಮ ಪಕ್ಷ ತಾನಾಗಿಯೇ ಹೆಸರು ಹಾಕುವುದನ್ನು ಯಾರೂ ತಡೆದಿಲ್ಲ. ಮುಂದಿನ ಚುನಾವಣೆಯಲ್ಲಿ ನಿಮ್ಮ ಕ್ಷೇತ್ರದ ಪ್ರಚಾರಕ್ಕೆ ಪಕ್ಷದಿಂದ ಬಂದ ದುಡ್ಡು, ಅದರ ಮೂಲ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮತದಾನಕ್ಕೆ ಮೊದಲೇ ಹಂಚಿ. ಅದನ್ನು ಅಚ್ಚು ಹಾಕಲು ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಮೂರೂ ಪಕ್ಷಕ್ಕೆ ಅದೇ ರೇಟು.

ಈ ಪತ್ರವನ್ನು ನಿಮ್ಮೆಲ್ಲರ ವಿಳಾಸಕ್ಕೂ ಅಂಚೆಯಲ್ಲಿ ಹಾಕುತ್ತಿದ್ದೇನೆ. ಆ ಪ್ರತಿಗಳಲ್ಲಿ ನನ್ನ ಹೆಸರು, ಪ್ರೆಸ್ಸಿನ ಮೊಹರು, ಫೋನ್ ನಂಬರ್ ಎಲ್ಲ ಇದೆ.

ಇಂತಿ ನಿಮ್ಮ ಮತದಾರ

ಮುದ್ರಕರು: ನಾನೇ. ಪ್ರಕಾಶಕರು: ನಾನೇ. ಖರ್ಚು: ಕಾಗದ, ಇಂಕು, 28 ಲಕೋಟೆ, ಅಂಚೆ ಚೀಟಿ, ಎಲ್ಲ ಸ್ವಂತದ್ದು. ಪ್ರತಿಗಳು: 28.